ಭಾವನ ಕಾರಿಗೆ ಟ್ಯಾಪೆಟ್

ನಮ್ಮ ಶೆಡ್ಡುಗಳ ಸಾಲಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಒಂದೆಳೆ. ವಾಲ್ವ್ ಉಜ್ಜುವಾಗ, ಸಾಣೆಕಲ್ಲಿಗೆ ಉಕ್ಕು ಹಿಡಿಯುವಾಗ, ಬೋಲ್ಟ್ ಬಿಗಿಯುವಾಗ ಅವನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಇನ್ನೊಂದೆಳೆ." ಕೂದಲೆಳೆಯಷ್ಟು ಎಂದು ಅದರ ಅರ್ಥ. ಆ ಒಂದೆಳೆಗಾಗಿ ಅವನು ಇಡೀ ಬೆಳಗನ್ನು ನುಂಗಿಹಾಕುತ್ತಿದ್ದ. ಕಾರಿನವರು ಬಂದು, ಕಾದು, ಬೈದು, ಸುಸ್ತಾಗಿ ನನ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು.

ನನ್ನದು ಪಕ್ಕದ ಶೆಡ್ಡು. ಕಾರಿನ ಸೀಟು ಹೊಲಿಯುತ್ತೇನೆ. ಮಿಷನ್ನು ಅಪ್ಪನದು, ಕತ್ತರಿ ಅಪ್ಪನದು, ಬಾಯಿ ಮಾತ್ರ ಸ್ವಂತದ್ದು ಎಂದು ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಒಂದೆಳೆಗೂ ನನಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ಅವನ ತಂಗಿ ನನ್ನ ಓರಗೆಯವಳು, ಒಟ್ಟಿಗೆ ಆಡಿ ಬೆಳೆದವಳು. ಹಾಗಾಗಿ ನನಗೂ ಅವನು ಅಣ್ಣನೇ. ಅಣ್ಣ ಎಂದ ಮೇಲೆ ಬೈಯುವ ಹಕ್ಕೂ ಬರುತ್ತದಲ್ಲ, ಅದನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೇನೆ.

ಅವನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ "ಪುರುಸೊತ್ತಾಗಲಿಲ್ಲ ಕಣೆ" ಎನ್ನುತ್ತಿದ್ದ. ಶೆಡ್ಡಿನ ಹಿಂದುಗಡೆ ಒಂದು ಕೋಣೆ. ಅದರಲ್ಲಿ ಒಂದು ಮಂಚ, ಒಂದು ಸ್ಟೌವು, ಮೊಳೆಗೆ ನೇತುಹಾಕಿದ ಎರಡು ಅಂಗಿ. ತಟ್ಟೆಯೂ ಒಂದೇ. ಉಂಡು ತೊಳೆದು ಗೋಡೆಗೆ ಒರಗಿಸಿದರೆ ಮತ್ತೆ ಊಟದ ಹೊತ್ತಿಗೆ ಅದು ಒಣಗಿರುತ್ತಿತ್ತು. ವಾರವಿಡೀ ಎಂಜಿನ್ನುಗಳ ಜೊತೆ ಬಿಟ್ಟರೆ ಅವನು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಮಾತು ಎಂಬುದೇನಾದರೂ ಅವನ ಪಾಲಿಗೆ ಬಂದಿದ್ದರೆ ಅದು ಭಾನುವಾರ, ತಂಗಿಯ ಮನೆಯಲ್ಲಿ. ಅಲ್ಲೂ ಅವನು ಮಾತಾಡುತ್ತಿರಲಿಲ್ಲ ಬಿಡಿ. ತಂಗಿ ಮಾತಾಡುತ್ತಿದ್ದಳು, ಅಣ್ಣನೂ ಗಂಡನೂ ಎದುರುಬದುರು ಕೂತು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಆ ಗಂಡನೂ ಅಂಥವರೇ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದರು. ಹೊಸ ಕನ್ನಡಕ ಬೇಕೆಂದು ಬಂದವರನ್ನು ಕೂರಿಸಿ, ಕಣ್ಣು ನೋಡಿ, "ನಿಮ್ಮ ಹಳೇದೇ ಸರಿಯಾಗಿದೆ, ಒರೆಸಿ ಹಾಕ್ಕೊಳ್ಳಿ" ಎಂದು ವಾಪಸ್ಸು ಕಳಿಸುವ ಮಹಾರಾಯರು. ಸುಳ್ಳು ಅವರ ಗಂಟಲಿನಿಂದ ಇಳಿಯುತ್ತಲೂ ಇರಲಿಲ್ಲ, ಏರುತ್ತಲೂ ಇರಲಿಲ್ಲ. "ನಂಗೆ ಗಂಟುಬಿದ್ದಿರೋದು ಎರಡು ಕಂಬ ಕಣೆ, ಒಂದು ಈ ಕಡೆ, ಒಂದು ಆ ಕಡೆ" ಎಂದು ನನ್ನ ಗೆಳತಿ ನಗುತ್ತಿದ್ದಳು. ಆ ಕಂಬಗಳು ಒಂದನ್ನೊಂದು ಭಾವ ಎಂದು ಕರೆದುಕೊಳ್ಳುತ್ತಿದ್ದವು. "ಭಾವ, ನೀರು ಕೊಡ್ಲಾ?" "ಬೇಡ ಭಾವ." ಅಷ್ಟರಲ್ಲಿ ಊಟ ಮುಗಿಯುತ್ತಿತ್ತು.

ಅವಳು ಜ್ವರವೆಂದು ಮಲಗಿದವಳು ಏಳಲಿಲ್ಲ. ಮಕ್ಕಳಿರಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಅವಳು ಹೋದ ಮೇಲೆ ಭಾವ ಒಂದು ಭಾನುವಾರ ಶೆಡ್ಡಿಗೆ ಬಂದರು. ಒಂದೆಳೆ ಸ್ಟೂಲು ಕೊಟ್ಟ. ಅವರು ಕೂತರು. ಇವನು ನಿಂತ. ಅವರು ಗೋಡೆಯ ಮೇಲಿನ ಸ್ಪ್ಯಾನರುಗಳನ್ನು ನೋಡಿದರು, ಇವನು ಅವರ ಚಪ್ಪಲಿಯನ್ನು ನೋಡಿದ. ಟೀ ಬಂತು, ಕುಡಿದರು. "ಬರ್ತೀನಿ ಭಾವ." "ಹ್ಞೂಂ ಭಾವ." ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಬರಲಿಲ್ಲ, ಇವನೂ ಹೋಗಲಿಲ್ಲ. ಇಬ್ಬರಿಗೂ ಬೇರೆ ಯಾರೂ ಇಲ್ಲ, ಇಬ್ಬರ ಮನೆಗೂ ನಡೆದೇ ಹೋಗುವಷ್ಟು ದಾರಿ, ಆದರೂ ಇಬ್ಬರೂ ಒಬ್ಬರಿಗೊಬ್ಬರು ಇಲ್ಲದಂತಾದರು. ಹೋಗಲು ಒಂದು ನೆಪ ಬೇಕು ಎಂದು ಅಂದುಕೊಳ್ಳುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನೆಪ ಒದಗಿಸಿದ್ದು ಕಾರು. ಭಾವನ ಅಪ್ಪನ ಕಾಲದ ಕಾರು ಅದು, ದುಂಡು ಮೂತಿಯದು. ನನ್ನ ಗೆಳತಿ ಅದರ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು ಊರೆಲ್ಲ ಸುತ್ತಿದವಳು. ಅವಳು ಹೋದ ಮೇಲೆ ನಿಂತೇ ಇದ್ದ ಕಾರನ್ನು ಒಂದು ದಿನ ಚಾಲು ಮಾಡಿದರೆ ಅದು ಕೆಮ್ಮಿತು, ಸೀನಿತು, ದಿಣ್ಣೆ ಹತ್ತಲಾರದೆ ನಿಂತುಬಿಟ್ಟಿತು. ಭಾವ ಅದನ್ನು ಎಳೆಸಿಕೊಂಡು ಬಂದರು. ಒಂದೆಳೆ ಎಂಜಿನ್ನಿನ ಮುಚ್ಚಳ ತೆಗೆದು ನೋಡಿ, "ವಾಲ್ವ್ ಸುಟ್ಟಿವೆ ಭಾವ. ಪೂರ್ತಿ ಬಿಚ್ಚಬೇಕು" ಎಂದ. ಹೇಳುವಾಗ ಅವನ ಮುಖದಲ್ಲಿ ಇದ್ದದ್ದು ದುಃಖವೇನೂ ಆಗಿರಲಿಲ್ಲ.

ಆ ಕಾಲದ ಎಂಜಿನ್ನಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈಗಿನ ಎಂಜಿನ್ನಿನಲ್ಲಿ ಗಾಳಿಗೂ ಹೊಗೆಗೂ ದಾರಿ ತೆರೆದು ಮುಚ್ಚುವ ವಾಲ್ವುಗಳು ಮೇಲೆ, ಹೆಡ್ಡಿನಲ್ಲಿ ಇರುತ್ತವೆ. ಇದರ ಹೆಡ್ಡು ಚಪ್ಪಟೆ, ಪಾತ್ರೆಯ ಮುಚ್ಚಳದ ಹಾಗೆ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ತಲೆ ಮೇಲೆ ಮಾಡಿ ಸಾಲಾಗಿ ನಿಂತಿರುತ್ತವೆ. ಕೆಳಗೆ ಕ್ಯಾಮ್ ಎಂಬ ದಂಡ ತಿರುಗಿದಾಗ ಅದರ ಉಬ್ಬು ಟ್ಯಾಪೆಟ್ ಎಂಬ ಉಕ್ಕಿನ ಗೂಟವನ್ನು ಎತ್ತುತ್ತದೆ, ಆ ಗೂಟ ವಾಲ್ವನ್ನು ಎತ್ತುತ್ತದೆ. ಟ್ಯಾಪೆಟ್ಟಿಗೂ ವಾಲ್ವಿನ ಬುಡಕ್ಕೂ ನಡುವೆ ಒಂದೆಳೆ ಸಂದಿ ಬೇಕು. ಹೆಚ್ಚಾದರೆ ಟಿಕ್ ಟಿಕ್ ಎಂದು ಬಡಿದು ತಲೆ ತಿನ್ನುತ್ತದೆ. ಕಡಿಮೆಯಾದರೆ ವಾಲ್ವು ಬಿಸಿಗೆ ಹಿಗ್ಗಿ, ಬಾಯಿ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ತಗಡಿನ ಗೋಡೆಯ ಈಚೆ ಕೂತು ಕೇಳಿ ಕೇಳಿ ಇದೆಲ್ಲ ನನಗೂ ಬಾಯಿಪಾಠವಾಗಿದೆ.

ಹೀಗೆ ಶುರುವಾಯಿತು ಬಿಡಿಭಾಗ ಆರಿಸುವ ಪರ್ವ. ಭಾನುವಾರ ಬಂದರೆ ಒಂದೆಳೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮೇಲೆ ಸೋಪು ಹಾಕಿ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದ. "ಏನಣ್ಣ, ಫೋಟೋ ತೆಗೆಸ್ಕೊಳ್ಳೋಕೆ ಹೊರಟ್ಯಾ?" ಎಂದರೆ, "ಹೋಗೆ, ನಿನ್ ಕೆಲಸ ನೋಡ್ಕೊ" ಎನ್ನುತ್ತಿದ್ದ. ಭಾವ ಬರುತ್ತಿದ್ದರು. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದೆಳೆ ಎರಡು ಬಗೆಯ ವಾಲ್ವ್ ಇಡುತ್ತಿದ್ದ. ಇದು ಹಳೆಯ ಉಕ್ಕು, ಅದು ಬಿಸಿ ತಡೆಯುವ ಉಕ್ಕು. ಇದರ ಗುಣ ಇದು, ಅದರ ಅವಗುಣ ಅದು. ಭಾವ ಕನ್ನಡಕ ಹಣೆಗೇರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಜೀವಮಾನದಲ್ಲಿ ಆಡದಷ್ಟು ಮಾತನ್ನು ಆ ಇಬ್ಬರು ವಾಲ್ವಿನ ಬಗ್ಗೆ ಆಡಿದರು. ಮಧ್ಯೆ ಅವಳ ಹೆಸರು ಬರುತ್ತಿರಲಿಲ್ಲ. ಆದರೂ ಅವಳು ಅಲ್ಲೇ ಎಲ್ಲೋ ಕೂತು ಕೇಳುತ್ತಿದ್ದಾಳೆ ಎಂದು ನನಗೆ ಅನಿಸುತ್ತಿತ್ತು.

ವಾಲ್ವ್ ಆರಿಸಿದ ಮೇಲೆ ಅದು ಜಾರುವ ಗೈಡು. ಎರಕದ ಕಬ್ಬಿಣದ್ದೋ, ಕಂಚಿನದೋ? ಅದಕ್ಕೆ ಎರಡು ಭಾನುವಾರ ಹಿಡಿಯಿತು. ಆಮೇಲೆ ಸ್ಪ್ರಿಂಗು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಯಾಮ್ ಸವೆಯುತ್ತದೆ, ಮೆತ್ತಗಿನದು ಹಾಕಿದರೆ ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚದು. ಭಾವ ಮೆಲ್ಲಗೆ ಓಡಿಸುವವರು, ಮೆತ್ತಗಿನದೇ ಸಾಕು ಎಂದು ನನಗೂ ಗೊತ್ತಿತ್ತು. ಒಂದೆಳೆಗೆ ಗೊತ್ತಿರಲಿಲ್ಲವೇ? ಆದರೂ "ಮುಂದಿನ ವಾರ ಇನ್ನೊಂದು ನಮೂನೆ ತರಿಸ್ತೀನಿ ಭಾವ, ನೋಡಿ ತೀರ್ಮಾನ ಮಾಡೋಣ" ಎಂದ. "ಆಗ್ಲಿ ಭಾವ, ಅವಸರ ಏನಿಲ್ಲ" ಎಂದರು ಅವರು. ಆ ಕಾರಿನ ಸೀಟು ಹೊಲಿದು ಕಟ್ಟಿಟ್ಟು ಕಾಯುತ್ತಿದ್ದವಳು ನಾನು. ಸೀಟಿನ ಮೇಲೆ ದೂಳು ಕೂರುತ್ತಿತ್ತು. ಒಳಗೊಳಗೇ ನಕ್ಕು ಸುಮ್ಮನಿದ್ದೆ.

ಕೊನೆಗೆ ಉಳಿದದ್ದು ಟ್ಯಾಪೆಟ್. ಅದರಲ್ಲಿ ಎರಡು ಜಾತಿ. ಮಾಮೂಲಿ ಟ್ಯಾಪೆಟ್ ಒಂದೇ ತುಂಡಿನದು. ಅದಕ್ಕೆ ಸಂದಿ ಹೊಂದಿಸಬೇಕೆಂದರೆ ವಾಲ್ವಿನ ಬುಡವನ್ನೇ ಕಲ್ಲಿಗೆ ಹಿಡಿದು ಎಳೆ ಎಳೆಯಾಗಿ ಸವೆಸಬೇಕು. ಕೈ ತಪ್ಪಿ ಹೆಚ್ಚು ಸವೆದರೆ ಕೆಟ್ಟಿತು, ಹೋದ ಉಕ್ಕನ್ನು ಮತ್ತೆ ಅಂಟಿಸಲಾಗದು. ಆದರೆ ಒಮ್ಮೆ ಸರಿಯಾಗಿ ಕೂತಿತೋ, ವರ್ಷಗಟ್ಟಲೆ ಅದರ ತಂಟೆಗೆ ಹೋಗಬೇಕಾಗಿಲ್ಲ. ಇನ್ನೊಂದು ಸ್ಕ್ರೂ ಟ್ಯಾಪೆಟ್. ತಲೆಯಲ್ಲಿ ಸ್ಕ್ರೂ ಇರುತ್ತದೆ, ಸ್ಪ್ಯಾನರಿನಲ್ಲಿ ತಿರುಗಿಸಿ ಸಂದಿ ಹೊಂದಿಸಿದರಾಯಿತು. ಹಾಕಲು ಸುಲಭ, ಜೋರಾಗಿ ಓಡಿಸುವವರಿಗೆ ಅನುಕೂಲ, ಆದರೆ ಆಗಾಗ ಎಂಜಿನ್ನಿನ ಪಕ್ಕದ ಕವರು ಬಿಚ್ಚಿ ನೋಡುತ್ತಲೇ ಇರಬೇಕು. ಅದನ್ನು ಕಂಡರೆ ಒಂದೆಳೆಗೆ ಆಗುತ್ತಿರಲಿಲ್ಲ. "ಸ್ಕ್ರೂ ಟ್ಯಾಪೆಟ್ ಹಾಕಿಸ್ಕೊಳ್ಳೋದೂ ಒಂದೇ, ಫಿಟ್ಟರನ್ನ ಮನೆಯಳಿಯ ಮಾಡ್ಕೊಳ್ಳೋದೂ ಒಂದೇ. ಮತ್ತೆ ಮತ್ತೆ ಬಂದು ವಕ್ಕರಿಸ್ತಾನೆ" ಎಂದು ಬಂದವರಿಗೆಲ್ಲ ಹೇಳಿ, ಮಾಮೂಲಿಯನ್ನೇ ಹಾಕಿ ಕಳಿಸುತ್ತಿದ್ದ. ಕೇಳಿದವರು ನಗುತ್ತಿದ್ದರು, ಅವನು ನಗುತ್ತಿರಲಿಲ್ಲ.

ಅಂಥವನ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಹೊಸ ಡಬ್ಬ ಕಂಡಿತು. ಸೂಜಿಗೆ ಹಚ್ಚಲು ಎಣ್ಣೆ ಕೇಳಲು ಹೋಗಿದ್ದೆ. ಮುಚ್ಚಳ ತೆರೆದು ನೋಡಿದರೆ ಸ್ಕ್ರೂ ಟ್ಯಾಪೆಟ್.

"ಇದ್ಯಾವ ಕಾರಿಗಣ್ಣ?"

ಅವನು ಡಬ್ಬದ ಮುಚ್ಚಳ ಹಾಕಿದ. ಶೆಡ್ಡಿನಲ್ಲಿ ಬಿಚ್ಚಿ ನಿಂತಿದ್ದುದು ಒಂದೇ ಕಾರು.

"ಭಾವನ ಕಾರಿಗಾ? ನೀನಾ ಹಾಕೋದು, ಇದನ್ನ?"

"ಈಗಿನವು ಚೆನ್ನಾಗಿವೆ ಕಣೆ. ಮೊದಲಿನ ಹಾಗಿಲ್ಲ" ಎಂದ. ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ, ಕೈಯಲ್ಲಿ ಏನೂ ಅಂಟಿರಲಿಲ್ಲ.

"ನನ್ನ ಕಿವಿಗೆ ಹೂವಿಡಬೇಡ. ಅವರು ಆಮೆ ಹಾಗೆ ಓಡಿಸೋರು, ಅವರಿಗ್ಯಾಕೆ ಇದು?"

ಆಗ ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಭಾವ ಕೂರುವ ಸ್ಟೂಲು ಅದು, ಅವನು ಅದರ ಮೇಲೆ ಕೂತದ್ದನ್ನು ನಾನು ನೋಡಿರಲೇ ಇಲ್ಲ. "ಮಾಮೂಲಿ ಹಾಕಿ ಕಳಿಸಿದ್ರೆ ಆಯ್ತು ಕಣೆ. ಮುಗೀತು. ಆಮೇಲೆ ಅವರು ಯಾಕೆ ಬರ್ತಾರೆ? ಇದಾದ್ರೆ ಆಗಾಗ ಕವರ್ ಬಿಚ್ಚಬೇಕಾಗುತ್ತೆ. ಬರ್ತಾರೆ. ಒಂದರ್ಧ ದಿನ ಕೂತಿರ್ತಾರೆ." ಡಬ್ಬದ ಕಡೆ ನೋಡುತ್ತ, "ಅವಳ ಕಡೆಯಿಂದ ನಂಗೆ ಉಳಿದಿರೋದು ಅವರೊಬ್ರೇ" ಎಂದ.

ನನ್ನ ಬಾಯಿ ಎಂಥದು ಎಂದು ಊರಿಗೇ ಗೊತ್ತು. ಅವತ್ತು ಅದು ಕಟ್ಟಿಹೋಯಿತು. ಎಣ್ಣೆಯನ್ನೂ ಕೇಳದೆ ಬಂದು ಮಿಷನ್ನಿನ ಮುಂದೆ ಕೂತೆ. ಅಯ್ಯೋ, ಬಂದು ಹೋಗ್ತಿರಿ ಭಾವ ಎಂದು ಒಂದು ಮಾತು ಹೇಳಲು ಈ ಮನುಷ್ಯನಿಗೆ ಆಗುವುದಿಲ್ಲ, ಅದಕ್ಕೆ ಕಬ್ಬಿಣದ ಸಾಮಾನು ತರಿಸುತ್ತಾನೆ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಭಾನುವಾರ ಭಾವ ಬಂದರು. ಬಿಳಿ ಬಟ್ಟೆ ಹಾಸಿತ್ತು. ಒಂದು ಕಡೆ ಮಾಮೂಲಿ, ಒಂದು ಕಡೆ ಸ್ಕ್ರೂ. ನಾನು ಸೀಟಿನ ಅಳತೆ ನೋಡುವ ನೆಪ ಮಾಡಿಕೊಂಡು ಅಲ್ಲೇ ನಿಂತೆ. ಒಂದೆಳೆ ಸ್ಕ್ರೂ ಟ್ಯಾಪೆಟ್ಟನ್ನು ಕೈಗೆತ್ತಿಕೊಂಡು ಹೊಗಳಲು ಶುರುಮಾಡಿದ. ಅಭ್ಯಾಸವಿಲ್ಲದ ಕೆಲಸ, ಹೊಗಳಿಕೆಯೂ ತೊದಲುತ್ತಿತ್ತು. "ಇದ್ರಲ್ಲಿ ಬೇಕಾದ ಹಾಗೆ ಹೊಂದಿಸಬಹುದು ಭಾವ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಂದರಾಯ್ತು, ನಾನಿದ್ದೀನಲ್ಲ."

ಭಾವ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ನಂಗೆ ಇದೆಲ್ಲ ಏನು ತಿಳಿಯುತ್ತೆ? ನೀವು ಯಾವುದು ಅಂತೀರೋ ಅದು" ಎಂದರು. ಮತ್ತೆ ತಾವಾಗಿಯೇ, "ಅವಳು ಒಂದು ಮಾತು ಹೇಳ್ತಿದ್ಲು ಭಾವ. ನಮ್ಮಣ್ಣ ಒಂದ್ಸಲ ಕೈ ಹಾಕಿದ್ರೆ ಅದನ್ನ ಇನ್ನೊಂದ್ಸಲ ಮುಟ್ಟೋ ಹಾಗಿರಲ್ಲ ಅಂತ. ಬಂದವರಿಗೆಲ್ಲ ಹೇಳೋಳು" ಎಂದರು.

ಅಷ್ಟು ತಿಂಗಳಲ್ಲಿ ಅವಳ ಮಾತು ಆ ಶೆಡ್ಡಿನಲ್ಲಿ ಬಂದದ್ದು ಅದೇ ಮೊದಲು. ಒಂದೆಳೆಯ ಮುಖ ಸಣ್ಣದಾಯಿತು. ಭಾವನ ಕೈಯಿಂದ ಟ್ಯಾಪೆಟ್ಟನ್ನು ತೆಗೆದುಕೊಂಡ. ಒಂದೊಂದಾಗಿ ಎಲ್ಲವನ್ನೂ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದ. "ಇದು ಬೇಡ ಭಾವ. ಇದು ಬೇರೆ ಥರ ಓಡಿಸೋರಿಗೆ. ನಿಮಗೆ ಮಾಮೂಲಿಯೇ ಸರಿ."

"ಹಾಗಾದ್ರೆ ಆಮೇಲೆ ಬಿಚ್ಚಿ ನೋಡೋ ಕೆಲಸ ಇರಲ್ವಾ?"

"ಇರಲ್ಲ."

"ಓ" ಎಂದರು ಭಾವ. ಆ ಓ ಇನ್ನೂ ನನ್ನ ಕಿವಿಯಲ್ಲಿದೆ. ಒಂದೆಳೆ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಆಗಲೇ ಬೆನ್ನು ತಿರುಗಿಸಿ ಕಲ್ಲಿಗೆ ನೀರು ಹಾಕುತ್ತಿದ್ದ.

ಆಮೇಲೆ ಅವನು ಮಾಡಿದ ಕೆಲಸವನ್ನು ನಾನು ಬಣ್ಣಿಸಲಾರೆ. ವಾಲ್ವಿನ ಬುಡವನ್ನು ಕಲ್ಲಿಗೆ ತಾಗಿಸುವುದು, ತೆಗೆಯುವುದು, ಒರೆಸುವುದು, ಅದರ ಜಾಗದಲ್ಲಿ ಇಳಿಸುವುದು, ಸಂದಿಯಲ್ಲಿ ತೆಳ್ಳನೆಯ ಫೀಲರ್ ಪಟ್ಟಿ ಎಳೆದು ನೋಡುವುದು. ಪಟ್ಟಿ ಬಿಗಿಯಾಗಿ ಬಂದರೆ, "ಇನ್ನೊಂದೆಳೆ." ಮತ್ತೆ ಕಲ್ಲು. ಹಾಗೆ ಒಂದೊಂದು ವಾಲ್ವಿಗೂ. ತಾನೇ ತನ್ನ ಭಾನುವಾರಗಳನ್ನು ಸವೆಸಿ ಹಾಕುತ್ತಿದ್ದಾನೆ ಎಂದು ಅವನಿಗೆ ಗೊತ್ತಿತ್ತು, ಆದರೂ ಒಂದು ವಾಲ್ವಿಗೂ ಮೋಸ ಮಾಡಲಿಲ್ಲ. ಬೇಕೆಂದೇ ಒಂದೆರಡನ್ನು ಸಡಿಲ ಬಿಟ್ಟಿದ್ದರೆ ಯಾರು ಕೇಳುತ್ತಿದ್ದರು? ಒಂದು ಟಿಕ್ ಟಿಕ್ ಉಳಿದಿದ್ದರೆ ಸಾಕಿತ್ತಲ್ಲ. ನಾನಾಗಿದ್ದರೆ ಬಿಡುತ್ತಿದ್ದೆ, ನಾಚಿಕೆಯೇನೂ ಇಲ್ಲ.

ಎಂಜಿನ್ ಚಾಲು ಮಾಡಿದ ದಿನ ಸಾಲಿನವರೆಲ್ಲ ಬಂದು ನಿಂತರು. ಭಾವ ಕೀ ತಿರುಗಿಸಿದರು. ಮೊದಲು ಒಂದು ಸಲ ಗುರ್ ಎಂದಿತು, ಆಮೇಲೆ ಏನೂ ಇಲ್ಲ. ನಿಂತೇಹೋಯಿತು ಎಂದುಕೊಂಡು ಆಚೆ ಶೆಡ್ಡಿನ ರೇಡಿಯೇಟರಿನವನು "ಅಯ್ಯೋ" ಎಂದ. ನಿಂತಿರಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಒಳಗೆ ಓಡುತ್ತಿರುವುದು ತಿಳಿಯುತ್ತಿತ್ತು, ಅಷ್ಟೇ. ಎಲ್ಲರೂ ಶಹಬ್ಬಾಸ್ ಎಂದರು. ಭಾವ ಒಂದೆಳೆಯ ಎರಡೂ ಕೈ ಹಿಡಿದುಕೊಂಡು, ಏನೋ ಹೇಳಬೇಕೆಂದು ಬಾಯಿ ತೆರೆದು, "ಬರ್ತೀನಿ ಭಾವ" ಎಂದರು. "ಹ್ಞೂಂ ಭಾವ" ಎಂದ ಇವನು.

ಮುಂದಿನ ಭಾನುವಾರವೂ ಒಂದೆಳೆ ಇಸ್ತ್ರಿ ಅಂಗಿ ತೊಟ್ಟ. ಅದರ ಮುಂದಿನದಕ್ಕೂ ತೊಟ್ಟ. ಆಮೇಲೆ ಬಿಟ್ಟ. ಬೇರೆ ಎಂಜಿನ್ನುಗಳು ಬಂದವು, ಬಾಗಿಲಿಗೆ ಬೆನ್ನು ಮಾಡಿ ಕೂತು ಉಜ್ಜಿದ. ನಾನು ಮನೆಗೆ ಊಟಕ್ಕೆ ಕರೆದರೆ "ಆಗಲ್ಲ ಕಣೆ, ಕೆಲಸ ಇದೆ" ಎಂದ. ಭಾವನ ಮನೆಗೆ ಹೋಗಿ ಬಾ ಎಂದು ಬೈದರೆ "ಏನಂತ ಹೋಗ್ಲಿ?" ಎಂದ. ಮೊದಲೆಲ್ಲ ಅವನು ಗೋಡೆಯಾಚೆ ಎಂಜಿನ್ನಿಗೆ ಬೈಯುವುದಾದರೂ ಕೇಳಿಸುತ್ತಿತ್ತು, ಈಗ ಅದೂ ನಿಂತಿತು. ಕೆಲವು ದಿನ ಅವನ ದನಿಯನ್ನೇ ಕೇಳದೆ ಸಂಜೆಯಾಗಿಬಿಡುತ್ತಿತ್ತು. ನಾನು ಸುಮ್ಮನೆ ತಗಡು ತಟ್ಟುತ್ತಿದ್ದೆ, ಅವನು ಆ ಕಡೆಯಿಂದ ಒಂದು ಸಲ ತಟ್ಟುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಮಿಷನ್ನಿಗೆ ದಾರ ಪೋಣಿಸುತ್ತ ತಲೆ ಎತ್ತಿದೆ. ಶೆಡ್ಡುಗಳ ಗೇಟಿನಾಚೆ ರಸ್ತೆಯ ಅಂಚಿನಲ್ಲಿ ಆ ದುಂಡು ಮೂತಿಯ ಕಾರು ನಿಂತಿತ್ತು. ಯಾವಾಗ ಬಂತೋ ಗೊತ್ತಾಗಲಿಲ್ಲ. ಭಾವ ಒಳಗೆ ಕೂತು ಶೆಡ್ಡಿನ ಕಡೆ ನೋಡುತ್ತಿದ್ದರು. ಒಂದೆಳೆಯ ಬೆನ್ನು ಕಾಣುತ್ತಿತ್ತು. ನಾನು ಏಳುವುದರೊಳಗೆ ಕಾರು ಮುಂದೆ ಸರಿದು ಹೊರಟುಹೋಯಿತು. ನೆರಳು ಜಾರಿದ ಹಾಗೆ ಹೋಯಿತು, ಒಂದು ಸದ್ದಿಲ್ಲ. ಮುಂದಿನ ವಾರ ನಾನು ಹೊಲಿಯುವುದನ್ನು ಬಿಟ್ಟು ಗೇಟಿನ ಹತ್ತಿರವೇ ನಿಂತೆ. ಬಂತು. ಹೋಗಿ ಕಿಟಕಿಗೆ ಕೈ ಹಾಕಿದೆ.

"ಏನ್ರೀ, ಕದ್ದು ಬಂದು ಕದ್ದು ಹೋಗ್ತೀರಾ? ಎಷ್ಟು ವಾರದಿಂದ ನಡೀತಿದೆ ಇದು?"

ಅವರು ಸಿಕ್ಕಿಬಿದ್ದ ಮಗುವಿನ ಹಾಗೆ ನೋಡಿದರು. "ಪ್ರತಿ ವಾರ ಬರ್ತೀನಮ್ಮ."

"ಬಂದವರು ಒಳಗೆ ಹೋಗೋಕೇನು? ಕಾರಿಗೆ ಏನಾದ್ರೂ ತೊಂದ್ರೆನಾ?"

"ಏನೂ ತೊಂದ್ರೆ ಇಲ್ಲ. ಅದೇ ತೊಂದ್ರೆ" ಎಂದರು. "ಏನಂತ ಹೇಳಿ ಒಳಗೆ ಹೋಗ್ಲಿ? ಅವರು ಪಾಪ ಕೆಲಸದಲ್ಲಿರ್ತಾರೆ." ನಾನು ಬಾಗಿಲು ತೆಗೆಯುವಷ್ಟರಲ್ಲಿ "ಇನ್ನೊಂದಿನ ಬರ್ತೀನಮ್ಮ" ಎಂದು ಹೊರಟೇಬಿಟ್ಟರು.

ನಾನು ಸೀದಾ ಒಂದೆಳೆಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಪ್ರತಿ ವಾರನಾ? ಇಲ್ಲಿಗಾ?" ಎಂದ. "ನಂಗೆ ಒಂದು ದಿನವೂ ಕೇಳಿಸ್ಲಿಲ್ಲವಲ್ಲೇ." ಹೇಗೆ ಕೇಳಿಸಬೇಕು? ಕೇಳಿಸದ ಹಾಗೆ ಮಾಡಿಟ್ಟವನು ಅವನೇ. ಅದು ಅವನಿಗೂ ಹೊಳೆದಿರಬೇಕು. ಕೈಯಲ್ಲಿದ್ದ ವಾಲ್ವನ್ನು ಕೆಳಗಿಟ್ಟ. ನಾನು ಬಿಟ್ಟು ಬಂದೆ.

ಮುಂದಿನ ಭಾನುವಾರ ಅವನು ಬೆಂಚಿಗೆ ಹೋಗಲಿಲ್ಲ. ಗೇಟಿನ ಕಂಬಕ್ಕೆ ಒರಗಿ ನಿಂತ. ಕೆಲಸವಿಲ್ಲದೆ ನಿಂತು ಅಭ್ಯಾಸವಿಲ್ಲದ ಮನುಷ್ಯ, ಕೈ ಎಲ್ಲಿಡಬೇಕೆಂದು ತಿಳಿಯದೆ ಒಂದು ಸಲ ಜೇಬಿಗೆ, ಒಂದು ಸಲ ಬೆನ್ನಿಗೆ. ಕಾರು ಬಂತು. ಅವನನ್ನು ಕಂಡು ಭಾವ ಬ್ರೇಕು ಹಾಕಿದರು. ಮುಂದೆ ಹೋಗುವಂತೆಯೂ ಇಲ್ಲ, ಹಿಂದೆ ಹೋಗುವಂತೆಯೂ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಮಿಷನ್ ನಿಲ್ಲಿಸಿದೆ. ಈ ಕಂಬಗಳು ಈಗಲೂ ಸುಮ್ಮನೆ ಬೀಳ್ಕೊಂಡರೆ ಇಬ್ಬರ ತಲೆಗೂ ಕತ್ತರಿ ಎಸೆಯುವವಳಿದ್ದೆ.

ಒಂದೆಳೆ ಕಿಟಕಿಗೆ ಬಗ್ಗಿದ. "ಏನ್ ಭಾವ, ಏನಾದ್ರೂ ಶಬ್ದ ಬರ್ತಿದೆಯಾ?"

ಭಾವ ಸ್ಟೀರಿಂಗನ್ನೇ ನೋಡುತ್ತ ಕೂತರು. ಕಿವಿ ಕೆಂಪಾಗಿತ್ತು. "ಹ್ಞೂಂ ಭಾವ" ಎಂದರು. "ಸ್ವಲ್ಪ. ಟಿಕ್ ಟಿಕ್ ಅಂತ."

"ಹಾಗಾ? ತನ್ನಿ ಒಳಗೆ, ನೋಡೋಣ."

ಶೆಡ್ಡಿನೊಳಗೆ ತಂದರು. ಒಂದೆಳೆ ಬಾನೆಟ್ ಎತ್ತಿದ. ಒಬ್ಬರು ಆ ಕಡೆಯಿಂದ, ಒಬ್ಬರು ಈ ಕಡೆಯಿಂದ ಬಗ್ಗಿ ಕಿವಿಕೊಟ್ಟರು. ನಾನೂ ತಗಡಿನ ಗೋಡೆಗೆ ಕಿವಿ ಹಚ್ಚಿದೆ. ಎಂಜಿನ್ ಓಡುತ್ತಿತ್ತು. ಒಂದು ಚೂರು ಶಬ್ದವಿರಲಿಲ್ಲ.

"ಹೌದು ಭಾವ, ಇದೆ" ಎಂದ ಒಂದೆಳೆ. "ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು. ಇವತ್ತೇ ಆಗೋ ಕೆಲಸ ಅಲ್ಲ."